ಕರೆಂಟು ಹೋದ ಮೇಲೆ ಬಂದ ಸೌಂಡು

ಕಳೆದ ವಾರ ಒಂದು ಮಧ್ಯಾಹ್ನ ನಮ್ಮ ಕಾರ್ಖಾನೆಯಲ್ಲಿ ಕರೆಂಟು ಹೋಯಿತು. ಮೆಷಿನ್ನುಗಳು ನಿಂತವು. ನಿಂತ ಮೇಲೂ ಅವು ಓಡುವ ಸದ್ದು ಮಾತ್ರ ಕೇಳಿಸುತ್ತಲೇ ಇತ್ತು.

(ನಗಬೇಡಿ. ಹಗಲು ಹೊತ್ತಿನಲ್ಲಿ ನಾನು ಎಳನೀರು ಬಿಟ್ಟು ಬೇರೇನೂ ಕುಡಿಯುವವನಲ್ಲ.)

ನಮ್ಮ ಮೇಸ್ತ್ರಿ ನಯಾಜ್ ಟೀ ಕುಡಿಯಲು ಹೊರಟವನು ಬಾಗಿಲಲ್ಲೇ ನಿಂತ. "ಕರೆಂಟ್ ಬಂತಾ ಸಾವ್ಕಾರ್?" ಎಂದ. ವಾಪಸ್ ಬಂದು ಎಳೆ ಸುತ್ತುವ ಒಂದು ಸ್ಪಿಂಡಲ್ ಮುಟ್ಟಿ ನೋಡಿದ. ಅದು ಅಲ್ಲಾಡದೆ ನಿಂತಿತ್ತು. ಆದರೂ ಎಲ್ಲೋ ದೂರದಲ್ಲಿ, ಬೆಟ್ಟದ ಆಚೆ ಮಗ್ಗುಲಲ್ಲಿ ನಮ್ಮದೇ ಇನ್ನೊಂದು ಕಾರ್ಖಾನೆ ಓಡುತ್ತಿರುವ ಹಾಗೆ ಸಣ್ಣಗೆ ಸುಯ್ಯೆನ್ನುವ ಸದ್ದು. ನಿದ್ದೆಯಲ್ಲಿ ಕೇಳಿಸುವಂಥದ್ದು.

ಅದು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಮೊದಲು ಒಂದು ಕಂಪ್ಯೂಟರಿನ ವಿಷಯ ಹೇಳಬೇಕು. ಅದಕ್ಕೂ ಮೊದಲು ಹತ್ತಿರದ ಕೈಲಾಂಚ ಎಂಬ ಹಳ್ಳಿಯ ಒಂದು ತೋಟದ ವಿಷಯ.

ಹೊಸಬರಿಗೆ ತಿಳಿಯಲಿ ಅಂತ: ನಾನು ರಾಮನಗರದಲ್ಲಿ ರೇಷ್ಮೆ ಎಳೆಗಳನ್ನು ಸೇರಿಸಿ ಹುರಿ ಮಾಡುವ ಸಣ್ಣ ಟ್ವಿಸ್ಟಿಂಗ್ ಕಾರ್ಖಾನೆ ನಡೆಸುವವನು. ಕೆಳಗೆ ಮೆಷಿನ್ನು, ಮೇಲೆ ಮನೆ. ಇನ್ನೊಬ್ಬರ ಕಾರ್ಖಾನೆಯಲ್ಲಿ ಬಾಬಿನ್ ಎತ್ತಿಡುವ ಕೆಲಸದಿಂದ ಶುರು ಮಾಡಿ ಇಲ್ಲಿಗೆ ಬಂದಿದ್ದೇನೆ. ಬಂದದ್ದು ಓದಿನಿಂದಲ್ಲ, ಚೌಕಾಸಿಯಿಂದ.

ನನ್ನ ಹೆಂಡತಿ ಸರೋಜ ಕೈಲಾಂಚದವಳು. ಅವಳ ಅಪ್ಪ ಅರಿಶಿನ ಕುಂಕುಮಕ್ಕೆ ಅಂತ ಒಂದು ಹಿಪ್ಪುನೇರಳೆ ತೋಟ ಬರೆದುಕೊಟ್ಟಿದ್ದರು. ಪಹಣಿಯಲ್ಲಿ ಅವಳದೇ ಹೆಸರು. ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿಗೆ ಕೊಟ್ಟಿದ್ದೇವೆ, ಅಲ್ಲೇ ಒಂದು ಕುಟುಂಬ ಹುಳ ಮೇಯಿಸುತ್ತದೆ. ಬಿಡದಿ ಕಡೆ ಫ್ಯಾಕ್ಟರಿಗಳು ಎದ್ದ ಮೇಲೆ, ನಮ್ಮೂರು ಜಿಲ್ಲೆಯಾಗುತ್ತದೆ ಎಂಬ ಗಾಳಿಮಾತು ಹಬ್ಬಿದ ಮೇಲೆ, ಇಂಥ ತೋಟಗಳನ್ನು ಕಾರಿನಿಂದ ಇಳಿದು ನೋಡುವವರು ಜಾಸ್ತಿಯಾಗಿದ್ದಾರೆ. ಗೋಡೌನ್ ಕಟ್ಟಲು ಬೆಂಗಳೂರಿನ ಒಂದು ಪಾರ್ಟಿ ಕೇಳಿತು. ನಡುವೆ ನಿಂತವನು ಬ್ರೋಕರ್ ಕೆಂಪಣ್ಣ. ನಾನು ಎಳೆದೆ, ಅವನು ಎಳೆದ. ಕೊನೆಗೆ ನಾನು ಗೆದ್ದೆ ಎನ್ನಿಸುವ ಜಾಗದಲ್ಲಿ ಮಾತು ನಿಂತಿತು. ಸೋಮವಾರ ಅಗ್ರಿಮೆಂಟು.

ಸರೋಜಳನ್ನು ಕೇಳಿದೆಯಾ ಎನ್ನುತ್ತೀರಿ. ಹೇಳಿದ್ದೆ. ಕಾರ್ಖಾನೆಯಲ್ಲಿ, ಅವಳು ಕಡಿದ ಎಳೆ ಗಂಟು ಹಾಕುತ್ತಿದ್ದಾಗ, ಕಿವಿಯ ಹತ್ತಿರ ಬಾಗಿ ಕೂಗಿ ಹೇಳಿದ್ದೆ. ಅವಳು ಬೇಡ ಎನ್ನಲಿಲ್ಲ ಎಂದುಕೊಂಡೆ. ನಮ್ಮ ರೇಷ್ಮೆ ಗೂಡಿನ ಮಾರ್ಕೆಟ್ಟಿನ ರೂಲು ನಿಮಗೆ ಗೊತ್ತಲ್ಲ? ಹರಾಜು ಕೂಗುತ್ತಾರೆ. ರೈತ ತನ್ನ ಗೂಡಿನ ಪಕ್ಕ ನಿಂತಿರುತ್ತಾನೆ. ಬೆಲೆ ಒಪ್ಪದಿದ್ದರೆ ಒಲ್ಲೆ ಎನ್ನಬೇಕು. ಸುಮ್ಮನಿದ್ದರೆ ಮಾಲು ಹೋಯಿತು ಎಂದೇ ಅರ್ಥ. ಹರೆಯದಿಂದ ಆ ಮಾರ್ಕೆಟ್ಟಿನಲ್ಲಿ ಬೆಳೆದವನು ನಾನು. ಮನೆಗೆ ಬೇರೆ ರೂಲು ಇರುತ್ತದೆ ಅಂತ ಯಾರು ಹೇಳಿಕೊಟ್ಟರು?

ಇರಲಿ. ಕಂಪ್ಯೂಟರಿಗೆ ಬರೋಣ.

ಸ್ಟಾಕು ಬರೆದಿಡಲು ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಬೇಕಿತ್ತು. ಬೆಂಗಳೂರಿನ ಅಂಗಡಿಯ ಪ್ರಕಾಶ ಎನ್ನುವವರು, "ಸಾರ್, ಲಿನಕ್ಸ್ ಅನ್ನೋ ಸಿಸ್ಟಮ್ ಹಾಕಿಕೊಡ್ತೀನಿ. ಫ್ರೀ. ವೈರಸ್ಸಿನ ಕಾಟ ಇಲ್ಲ" ಎಂದರು. ಫ್ರೀ ಎಂದುಬಿಟ್ಟರೆ ನನ್ನಂಥವನ ಕೈಕಟ್ಟಿದ ಹಾಗೆ. ಫ್ರೀ ಆದದ್ದರ ಬೆಲೆ ಎಲ್ಲಿಂದ ಇಳಿಸುವುದು? ಬೇರೆ ಕಡೆ ಇಳಿಸಿದೆ. ಆಂಪ್ಲಿಫೈಯರ್ ಇರುವ ದೊಡ್ಡ ಸ್ಪೀಕರ್ ಬೇಡ, ಆ ಮೂಲೆಯಲ್ಲಿ ಬಿದ್ದಿರುವ ಪುಟ್ಟ ಜೋಡಿಯನ್ನು ಸುಮ್ಮನೆ ಕೊಡಿ, ಮೈಕು ಸೇರಿಸಿ ಕೊಡಿ ಎಂದೆ. ಕೊಟ್ಟರು. ವಿಜಯೋತ್ಸಾಹದಲ್ಲಿ ರೈಲು ಹತ್ತಿದೆ.

ಊರಿಗೆ ತಂದು ಆಫೀಸು ರೂಮಿನಲ್ಲಿಟ್ಟೆ. (ಆಫೀಸು ರೂಮು ಎಂದರೆ ಮೆಷಿನ್ನಿನ ಹಾಲಿನ ಮೂಲೆಗೆ ಎಬ್ಬಿಸಿದ ಅರ್ಧ ಗೋಡೆ.) ಪರದೆ ಬಂತು, ಸ್ಟಾಕು ಬರೆಯಲು ಬಂತು, ಎಲ್ಲ ಬಂತು. ಸೌಂಡು ಬರಲಿಲ್ಲ.

ನನಗೆ ಸೌಂಡು ಏಕೆ ಬೇಕು? ಹುರಿ ಮಾಡುವವನಿಗೆ ಹಾಡು ಬೇಕೆ? ಪ್ರಶ್ನೆ ಅದಲ್ಲ. ಸೌಂಡ್ ಕಾರ್ಡ್ ಇದೆ ಎಂದು ಹೇಳಿ ಮಾರಿದ್ದಾರೆ. ಇದೆ ಎಂದ ಮೇಲೆ ಬರಬೇಕು. ಕೊಂಡ ವಸ್ತುವಿನ ಒಂದು ಮೂಲೆಯೂ ಸುಮ್ಮನೆ ಕೂರಬಾರದು. ನೀವೂ ಇದನ್ನು ಪಾಲಿಸಿ, ಜೀವನದಲ್ಲಿ ಮುಂದೆ ಬರುತ್ತೀರಿ.

ಪ್ರಕಾಶ ಫೋನಿನಲ್ಲೇ ರಿಪೇರಿ ಶುರು ಮಾಡಿದರು. ಕಾರ್ಖಾನೆಯೊಳಗೆ ಫೋನಿನ ಮಾತು ಕೇಳಿಸುವುದಿಲ್ಲ. ಹಾಗಾಗಿ ನಾನು ಬೀದಿಗೆ ಹೋಗಿ ಬೇವಿನ ಮರದ ಕೆಳಗೆ ನಿಂತು ಕೇಳಿಸಿಕೊಳ್ಳಬೇಕು. ಅವರು ಹೇಳಿದ ಕಮಾಂಡನ್ನು ಬಾಯಿಪಾಠ ಮಾಡುತ್ತ ಒಳಗೆ ಓಡಿ ಕಪ್ಪು ಪರದೆಯಲ್ಲಿ ಟೈಪ್ ಮಾಡಬೇಕು. ದಾರಿಯಲ್ಲಿ ಯಾರಾದರೂ ನಮಸ್ಕಾರ ಎಂದರೆ ಅರ್ಧ ಕಮಾಂಡು ಉದುರಿಹೋಗುತ್ತಿತ್ತು.

"ಸಾರ್, ಕಾರ್ಡ್ ಕಾಣಿಸ್ತಾ?"

ಕಾಣಿಸಿತು. ಅದರ ಹೆಸರು, ಕುಲಗೋತ್ರ ಎಲ್ಲ ಪರದೆಯ ಮೇಲೆ ಬಂತು.

"ಕಾರ್ಡ್ ಓಡಿಸೋ ಡ್ರೈವರ್ ಲೋಡ್ ಆಯ್ತಾ?"

ಆಯಿತು. ಎರರ್ ಇಲ್ಲ.

"ಸೌಂಡ್ ಬಂತಾ?"

ಇಲ್ಲ.

"ಹಂಗಾದ್ರೆ ಸೌಂಡಿನ ಮಿಕ್ಸರ್ ಓಪನ್ ಮಾಡಿ. ಉದ್ದುದ್ದ ಕಂಬ ಕಾಣ್ತವಲ್ಲ, ಅವುಗಳ ಕೆಳಗೆ ಏನಿದೆ?"

ಪ್ರತಿ ಕಂಬದ ಬುಡದಲ್ಲೂ ಎರಡೆರಡು 'ಎಮ್' ಅಕ್ಷರ. ಮ್ಯೂಟ್ ಎಂದು ಅರ್ಥವಂತೆ. ಲಿನಕ್ಸಿನಲ್ಲಿ ಹೊಸದಾಗಿ ಡ್ರೈವರ್ ಹಾಕಿದಾಗ ಎಲ್ಲ ದಾರಿಗಳೂ ಮೊದಲು ಬಾಯಿ ಮುಚ್ಚಿಕೊಂಡೇ ಇರುತ್ತವಂತೆ. ನಾವಾಗಿ ಹೋಗಿ ತೆಗೆಯಬೇಕಂತೆ. ಎಮ್ ಒತ್ತಿದೆ. ಅಕ್ಷರಗಳು ಹೋದವು. ಬಾಣದ ಗುರುತು ಒತ್ತಿ ಕಂಬಗಳನ್ನು ಅರ್ಧಕ್ಕೆ ಎತ್ತಿದೆ. ಒಂದು ಹಾಡು ಹಾಕಿದೆ. ಸ್ಪೀಕರಿಗೆ ಕಿವಿ ಹಚ್ಚಿದೆ.

ಊಹೂಂ.

ಬೀದಿಗೆ ಓಡಿದೆ. "ಬರಲಿಲ್ಲ."

"ಆಶ್ಚರ್ಯ ಸಾರ್. ಬರಲೇಬೇಕು."

"ಬರಲೇಬೇಕು ಅಂತ ನಾನೂ ಹೇಳ್ತಿದೀನಿ ಪ್ರಕಾಶ್. ನಿಮ್ಮ ಕಂಪ್ಯೂಟರಿಗೆ ಹೇಳಿ."

ಹೀಗೆ ದಿನಗಳು ಹೋದವು. ಡ್ರೈವರನ್ನು ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಕೆಲವೊಮ್ಮೆ ಆ ಕಪ್ಪು ಪರದೆಯ ಮುಂದೆ ಕೂತಾಗ, ಬಿಳಿ ಅಕ್ಷರಗಳು ಮೇಲೆ ಮೇಲೆ ಹರಿಯುವಾಗ, ಹಿಂದೆ ಸ್ಪಿಂಡಲ್ಲುಗಳು ಸುತ್ತುವಾಗ, ಎಲ್ಲಿದ್ದೇನೆ ಎಂಬುದು ಮರೆತುಹೋಗುತ್ತಿತ್ತು. ಹೊಳೆಯ ದಡದಲ್ಲಿ ಕೂತ ಹಾಗೆ. ನಯಾಜ್ ಬಂದು ಭುಜ ಮುಟ್ಟಿದರೇ ಎಚ್ಚರ.

ಅಂದಹಾಗೆ, ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. ಟ್ವಿಸ್ಟಿಂಗ್ ಕಾರ್ಖಾನೆಯವರ ಭಾಷೆಯೇ ಬೇರೆ. ಎರಡು ಬೆರಳು ಕತ್ತರಿಯಾಡಿಸಿದರೆ ಎಳೆ ಕಡಿದಿದೆ. ಹೆಬ್ಬೆರಳು ಬಾಯಿಗೆ ಹೋದರೆ ಟೀ. ಮೀಸೆ ತೀಡಿದರೆ ಸಾವ್ಕಾರ್ ಬಂದ, ಹುಷಾರು. (ಇದು ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆ.) ನಾನೂ ಸರೋಜಳೂ ಮದುವೆಯಾದಾಗಿನಿಂದ ಹಗಲೆಲ್ಲ ಹೀಗೇ. ಅವಳ ತುಟಿ ಅಲ್ಲಾಡುತ್ತದೆ. ನಾನು ತಲೆ ಆಡಿಸುತ್ತೇನೆ. ಸಂಸಾರ ಸಾಗುತ್ತದೆ.

ಶುಕ್ರವಾರ ಪ್ರಕಾಶ ಕೊನೆಯ ಅಸ್ತ್ರ ಬಿಟ್ಟರು. "ಸಾರ್, ಮೈಕಿನಲ್ಲಿ ರೆಕಾರ್ಡ್ ಆಗುತ್ತಾ ನೋಡಿ. ಯಾರಾದ್ರೂ ಮಾತಾಡಲಿ. ಪರದೆಯಲ್ಲಿ ಗೆರೆ ಕುಣಿದರೆ ಕಾರ್ಡ್ ಸರಿ ಇದೆ ಅಂತ."

ಸರೋಜ ಊಟದ ಕ್ಯಾರಿಯರ್ ತಂದಿದ್ದಳು. ಮೈಕು ತೋರಿಸಿದೆ, ಅವಳ ಬಾಯಿ ತೋರಿಸಿದೆ. ಏನು ಮಾತಾಡಲಿ ಎಂಬಂತೆ ಅವಳು ಹುಬ್ಬು ಹಾರಿಸಿದಳು. ನಾನು ಗಾಳಿಯಲ್ಲಿ ಕೈ ಬೀಸಿದೆ. ಏನಾದರೂ.

ಅವಳು ನನ್ನ ಕುರ್ಚಿಯಲ್ಲಿ ಕೂತಳು. ಸೆರಗು ಸರಿ ಮಾಡಿಕೊಂಡು ಮೈಕನ್ನು ತುಟಿಯ ಹತ್ತಿರಕ್ಕೆ ಎಳೆದುಕೊಂಡಳು. ಗೆರೆ ಕುಣಿಯಿತು. ನಾನು ಮೇಜಿನ ಹಿಂದೆ ನುಸುಳಿ ವೈರು ಹಿಚುಕುತ್ತಿದ್ದೆ. ತಲೆಯೆತ್ತಿ ನೋಡಿದಾಗಲೂ ಗೆರೆ ಕುಣಿಯುತ್ತಲೇ ಇತ್ತು. ಆಮೇಲೆ ನೋಡಿದರೆ ಅವಳು ಎದ್ದು ಹೋಗಿದ್ದಳು.

ರೆಕಾರ್ಡ್ ಆದದ್ದನ್ನು ಹಾಕಿದೆ. ಏನೂ ಇಲ್ಲ. ಮತ್ತೆ ಮತ್ತೆ ತಾನಾಗಿ ಓಡುವಂತೆ ಬಿಟ್ಟು ಎಲ್ಲ ವೈರು ಅಲ್ಲಾಡಿಸಿದೆ. ಏನೂ ಇಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಕೆಂಪಣ್ಣ. ಓಡುತ್ತಿದ್ದದ್ದನ್ನು ಹಾಗೇ ಬಿಟ್ಟು, ಅಗ್ರಿಮೆಂಟಿನ ಮಾತಾಡಲು ಅವನೊಂದಿಗೆ ಹೋಟೆಲಿಗೆ ಹೋದೆ. "ಅಣ್ಣೋ, ಪಾರ್ಟಿ ಖುಷಿಯಾಗವ್ರೆ. ಅಕ್ಕನ್ನ ಸೋಮಾರ ಬೆಳಿಗ್ಗೆ ರಿಜಿಸ್ಟ್ರಾರ್ ಆಫೀಸ್ ತಾವ ಕರ್ಕಂಡ್ ಬಂದ್ಬುಡು, ಸೈನ್ ಹಾಕಿದ್ರೆ ಆಯ್ತು" ಎಂದ. ಬರ್ತಾಳೆ ಕಣ್ಲಾ ಎಂದೆ. ವಾಪಸ್ ಬಂದು ಕುರ್ಚಿಯಲ್ಲಿ ಕೂತೆ.

ಆಗ ಕರೆಂಟು ಹೋಯಿತು.

ಮೆಷಿನ್ನುಗಳು ಒಮ್ಮೆಲೇ ನಿಲ್ಲುವುದಿಲ್ಲ. ಉಸಿರು ಬಿಡುತ್ತ ಬಿಡುತ್ತ ನಿಧಾನವಾಗಿ ನಿಲ್ಲುತ್ತವೆ. ಕೊನೆಯ ಸ್ಪಿಂಡಲ್ ನಿಂತ ಮೇಲೆ ನಮ್ಮ ಹಾಲಿನಲ್ಲಿ ಒಂದು ಮೌನ ಇಳಿಯುತ್ತದೆ. ಹತ್ತಿಯ ಹಾಗೆ ಮೆತ್ತಗೆ. ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕುವುದು, ಕಿಟಕಿಯ ಸರಳಿನ ಮೇಲೆ ಅಳಿಲು ಓಡುವುದು, ಎಲ್ಲ ಆಗ ಮಾತ್ರ ಗೊತ್ತಾಗುತ್ತದೆ.

ಆ ಮೌನದೊಳಗಿಂದ ಮೆಷಿನ್ನಿನ ಸದ್ದು ಮತ್ತೆ ಎದ್ದಿತು. ನಯಾಜ್ ಸ್ಪಿಂಡಲ್ ಮುಟ್ಟಿ ನೋಡಿದ್ದು ಆಗಲೇ.

ಕಂಪ್ಯೂಟರ್ ಮಾತ್ರ ಯುಪಿಎಸ್ ಮೇಲೆ ಓಡುತ್ತಿತ್ತು. ಸದ್ದು ಬರುತ್ತಿದ್ದದ್ದು ಆ ಪುಟ್ಟ ಸ್ಪೀಕರಿನಿಂದ. ಮಧ್ಯಾಹ್ನ ಮೈಕಿಗೆ ಬಿದ್ದ ನಮ್ಮದೇ ಕಾರ್ಖಾನೆಯ ಸದ್ದು. ಅದರ ಒಳಗೆ, ತೀರ ಹತ್ತಿರದಲ್ಲಿ, ಒಂದು ಹೆಣ್ಣು ದನಿ.

"ಹಲೋ. ಏನ್ ಮಾತಾಡ್ಲಿ ಇದ್ರ ಮುಂದೆ. ನಾನು ಸರೋಜ. ನಮ್ಮೂರು ಕೈಲಾಂಚ. ಇವತ್ತು ಉಪ್ಪೆಸ್ರು ಮಾಡಿವ್ನಿ, ಉಪ್ಪು ಒಸಿ ಮುಂದಾಗೈತೆ, ಇವ್ರಿಗೆ ಗೊತ್ತಾಗಾಕಿಲ್ಲ."

ಟೀಗೆ ಹೊರಟಿದ್ದ ಹೆಂಗಸರೆಲ್ಲ ನಿಂತರು. ಬಾಬಿನ್ ಸುತ್ತುವ ಪುಟ್ಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ನಿಲ್ಲಿಸಬೇಕೆಂದು ಮೌಸ್ ಹಿಡಿದೆ. ಯಾಕೋ ಒತ್ತಲಿಲ್ಲ.

"ತೋಟ ಕೊಡ್ತಾವ್ರಂತೆ. ನಮ್ಮಪ್ಪ ಕೊಟ್ಟಿದ್ದು. ಅಲ್ಲಿ ಬಾವಿ ಪಕ್ಕ ಒಂದು ಜಾಗ ಐತೆ. ಅಲ್ಲಿ ನಿಂತ್ಕಂಡ್ರೆ ಏನೂ ಕೇಳ್ಸಾಕಿಲ್ಲ. ನಾನು ಆವಾಗಾವಾಗ ಸೊಪ್ಪು ನೋಡ್ಕಂಡ್ ಬತ್ತೀನಿ ಅಂತ ಸುಳ್ಳು ಹೇಳ್ಬುಟ್ಟು ಹೋಯ್ತೀನಿ. ಸೊಪ್ಪು ನೋಡಾಕೆ ಏನೈತೆ? ಸುಮ್ಕೆ ನಿಂತ್ಕಂಡು ಬತ್ತೀನಿ. ಕಿವಿ ತೊಳ್ಕಂಡ್ ಬಂದಂಗಾಯ್ತದೆ. ಹುಳ ನಾಕ್ನೇ ಸತಿ ಪೊರೆ ಬಿಟ್ಟು ಜ್ವರ ಎದ್ದಿದ್ರೆ ಹುಳದ ಮನೆ ಒಳ್ಗೆ ಸೊಪ್ಪು ತಿನ್ನೋ ಸದ್ದು ಬತ್ತದೆ, ಅದೊಂದು ಕೇಳ್ಕತೀನಿ. ಎಡಗಿವಿ ಈಗ ಒಸಿ ಮಂದ ಆಗೈತೆ, ಆದ್ರೂ ಕೇಳ್ತದೆ. ಅದನ್ನ ಕೊಟ್ಬುಟ್ರೆ ನಾನು..."

ಯುಪಿಎಸ್ ಕೀಕ್ ಕೀಕ್ ಎಂದಿತು. ಪರದೆ ಕಪ್ಪಾಯಿತು.

ಕೇಳಿಸುತ್ತಿದ್ದದ್ದು ಈಗ ಆ ನಲ್ಲಿಯ ಹನಿ ಮಾತ್ರ.

ಮೆಟ್ಟಿಲ ಮೇಲೆ ಸರೋಜ ನಿಂತಿದ್ದಳು. ಖಾಲಿ ಕ್ಯಾರಿಯರ್ ಒಯ್ಯಲು ಇಳಿದು ಬಂದವಳು. "ಅಯ್ಯೋ, ನನ್ ದನಿ ಹಿಂಗೈತಾ" ಎಂದಳು, ಯಾರನ್ನೂ ನೋಡದೆ.

ಪುಟ್ಟಮ್ಮನಿಗೆ ತಡೆಯಲಾಗಲಿಲ್ಲ. "ಮುಂದಕ್ಕೆ ಏನಕ್ಕಾ?"

"ಮುಂದಕ್ಕೆ ಏನೂ ಇಲ್ಲ ಕಣೆ. ನಿಂದೇ ಎಳೆ ಕಡಿದಿತ್ತು, ನೀನು ಕತ್ತರಿ ಬೆರಳು ತೋರಿಸ್ದೆ. ಎದ್ದು ಬಂದೆ."

ಲಿನಕ್ಸಿನವರಿಗೆ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಸೌಂಡು ಬರದಿದ್ದರೆ ಮೊದಲು ಮಿಕ್ಸರ್ ತೆಗೆದು ಎಮ್ ಇದೆಯೇ ನೋಡಿ. ಕಂಬಗಳನ್ನು ಅರ್ಧಕ್ಕೆ ಬಿಡಬೇಡಿ, ಪೂರ್ತಿ ಎತ್ತಿ. ಸ್ಪೀಕರಿಗೆ ಮಾತ್ರ ಚೌಕಾಸಿ ಮಾಡಬೇಡಿ. ಮತ್ತು ಟೆಸ್ಟ್ ಮಾಡುವಾಗ ಮೆಷಿನ್ನು ನಿಲ್ಲಿಸಿ. ಈ ಕೊನೆಯದು ಯಾವ ಮ್ಯಾನ್ಯುಯಲ್ಲಿನಲ್ಲೂ ಇಲ್ಲ. ಯಾಕೆಂದರೆ ಅದನ್ನು ಬರೆದವರಾರೂ ಟ್ವಿಸ್ಟಿಂಗ್ ಕಾರ್ಖಾನೆಯಲ್ಲಿ ಕೂತು ಬರೆದಿರಲಿಕ್ಕಿಲ್ಲ. ಪ್ರಕಾಶರಿಗೆ ವಿಷಯ ಹೇಳಿದಾಗ ಅವರು, "ಹಂಗಾದ್ರೆ ಎಮ್ ತೆಗೆದ ದಿನದಿಂದಲೇ ಬರ್ತಿತ್ತಲ್ಲ ಸಾರ್" ಎಂದರು. ಹೌದು. ಬರುತ್ತಲೇ ಇತ್ತು. ನಮ್ಮ ಸದ್ದು ನಮಗೆ ಸದ್ದು ಎನ್ನಿಸುವುದು ಬಿಟ್ಟು ಎಷ್ಟು ಕಾಲವಾಗಿತ್ತೋ.

ಸಂಜೆ ಮೇಲೆ ಹೋಗಿ ಸರೋಜಳ ಎದುರು ಕೂತೆ.

"ನಂಗೆ ಹೇಳಬಾರದಾ?"

"ಹೇಳ್ದೆ. ಎರಡ್ ಸತಿ ಹೇಳ್ದೆ. ನೀವು ಬಾಬಿನ್ ನೋಡ್ಕಂಡು ತಲೆ ಆಡ್ಸಿದ್ರಿ."

ಸಿಕ್ಕಿಬಿದ್ದಾಗ ನನ್ನಂಥವನು ಏನು ಮಾಡುತ್ತಾನೆ? ವ್ಯಾಪಾರ ಶುರು ಮಾಡುತ್ತಾನೆ.

"ಮೇಲಿನ ಕಿಟಕಿಗೆಲ್ಲ ಡಬಲ್ ಗ್ಲಾಸ್ ಹಾಕಿಸ್ತೀನಿ."

"ಉಸ್ರು ಕಟ್ತದೆ."

"ಹೊಸ ಲೇಔಟಿನಲ್ಲಿ ಮನೆ ಮಾಡೋಣ. ಅಲ್ಲಿ ಸದ್ದಿಲ್ಲ."

"ಅಲ್ಲಿ ನೆಂಟ್ರೇ ಸದ್ದು."

"ಸರಿ, ಅರ್ಧ ಕೊಡೋಣ. ಬಾವಿ ಇರೋ ಅರ್ಧ ನೀನಿಟ್ಕೋ."

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಅರ್ಧದಾಗೆ ಗೋಡೌನ್ ಬಂದ್ರೆ ಲಾರಿ ಬತ್ತವೆ. ಲಾರಿ ಅರ್ಧ ಸದ್ದು ಮಾಡ್ತದಾ?"

ಗೂಡಿನ ಮಾರ್ಕೆಟ್ಟಿನಲ್ಲಿ ಇಂಥವಳು ಎದುರಿಗಿದ್ದಿದ್ದರೆ ನಾನು ಇವತ್ತಿಗೂ ಬಾಬಿನ್ ಎತ್ತುತ್ತಿರುತ್ತಿದ್ದೆ.

"ಕೊಟ್ಟುಬಿಟ್ಟರೆ ನೀನು ಏನು? ಆ ಮಾತು ಅರ್ಧಕ್ಕೆ ನಿಂತಿತ್ತು."

"ಎಲ್ಲಿ ನಿಂತ್ಕಳ್ಲಿ ಅಂತ. ಇನ್ನೇನು."

ಭಾನುವಾರ ಸ್ಕೂಟರಿನಲ್ಲಿ ಅವಳನ್ನು ಕೂರಿಸಿಕೊಂಡು ಕೈಲಾಂಚಕ್ಕೆ ಹೋದೆ. ಬಾವಿ ಪಕ್ಕದ ಆ ಜಾಗ ತೋರಿಸಿದಳು. ತೋರಿಸುವಂಥದ್ದು ಅಲ್ಲಿ ಏನೂ ಇಲ್ಲ. ಒಂದು ಚಪ್ಪಡಿ ಕಲ್ಲು, ಎದೆಮಟ್ಟದ ಹಿಪ್ಪುನೇರಳೆ ಸಾಲು, ದೂರದಲ್ಲಿ ಬೆಟ್ಟದ ಬಂಡೆಗಳು ಮಧ್ಯಾಹ್ನದ ಬಿಸಿಲಿನಲ್ಲಿ ತೂಕಡಿಸುತ್ತಿದ್ದವು. ಗಾಳಿ ಬಂದರೆ ಎಲೆಗಳು ಮಗುಚಿ ಬೆಳ್ಳಗೆ ಕಾಣುತ್ತಿದ್ದವು, ಮತ್ತೆ ಹಸಿರಾಗುತ್ತಿದ್ದವು.

ನನ್ನ ಕಿವಿಯಲ್ಲಿ ಮೆಷಿನ್ನು ಓಡುತ್ತಲೇ ಇತ್ತು. "ನಂಗೆ ಇಲ್ಲೂ ಸುಯ್ಯಂತಿದೆ ಕಣೆ" ಎಂದೆ.

"ಒಸಿ ಹೊತ್ತು ನಿಂತ್ಕಳಿ. ನಂಗೂ ಮೊದ್ಲು ಹಂಗೇ ಆಗೋದು."

ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ಕಣ್ಣು ತೆರೆದೇ ನಿದ್ದೆ ಬಂದ ಹಾಗಿತ್ತು. ಸುಯ್ಯೆನ್ನುವುದು ತೆಳ್ಳಗಾಗುತ್ತ, ಎಳೆಯ ಹಾಗೆ ಸಣ್ಣಗಾಗುತ್ತ, ಎಲ್ಲೋ ಕಳಚಿಕೊಂಡಿತು. ಆಮೇಲೆ ಹುಳದ ಮನೆಯಿಂದ ಸೊಪ್ಪು ಮೇಯುವ ಸದ್ದು ಬಂತು. ತುಂತುರು ಮಳೆಗೆ ನೆಲ ಒದ್ದೆಯಾಗುವಂತೆ. ಅದನ್ನು ಮಾರಾಟಕ್ಕಿಟ್ಟಿದ್ದೇನೆ ಎಂದು ಇಷ್ಟು ದಿನ ನನಗೆ ಗೊತ್ತಿರಲಿಲ್ಲ.

ಜೇಬಿನಲ್ಲಿ ಮೊಬೈಲು ಗುನುಗಿತು. ಕೆಂಪಣ್ಣ. ಹಿಂದಿನ ದಿನವೇ ಅವನಿಗೆ ಬೇಡ ಎಂದಿದ್ದೆ.

"ಅಣ್ಣೋ, ನಿನ್ನ ಆಟ ನಂಗ್ ಗೊತ್ತಿಲ್ವಾ? ಬ್ಯಾಡ ಅಂದ್ರೆ ಏರುಸ್ತಾರೆ ಅಂತ ತಾನೆ? ಏರ್ಸವ್ರೆ, ತಗ." ಅವನು ಒಂದು ಬೆಲೆ ಹೇಳಿದ. ತಿಂಗಳುಗಟ್ಟಲೆ ಎಳೆದಾಡಿದ್ದರೂ ನನಗೆ ಸಿಗದಿದ್ದ ಬೆಲೆ, ಒಂದು 'ಬೇಡ'ಕ್ಕೆ ಬಂದು ನಿಂತಿತ್ತು. ಸುಳ್ಳು ಹೇಳುವುದಿಲ್ಲ, ನನ್ನ ಮನಸ್ಸು ಆಗಲೇ ಇನ್ನೊಂದು 'ಬೇಡ' ಎಂದರೆ ಎಲ್ಲಿಗೆ ಹೋಗಬಹುದು ಎಂದು ಕೂಡಿಸತೊಡಗಿತ್ತು.

"ಮಾತಾಡಣ್ಣೋ, ಯಾಕ್ ಸುಮ್ಕಾದೆ?"

ಪಹಣಿಯಲ್ಲಿ ಹೆಸರಿರುವವಳು ಪಕ್ಕದಲ್ಲೇ ಇದ್ದಳು. ಫೋನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಬಲಗಿವಿಗೆ ಹಿಡಿದಳು.

"ಕೆಂಪಣ್ಣ, ಸರೋಜ ಕಣಪ್ಪ. ಚೆನ್ನಾಗಿದೀಯಾ? ಹೂಂ. ಇಲ್ಲ ಕಣಪ್ಪ, ಕೊಡಾಕಿಲ್ಲ. ಊಟ ಆಯ್ತಾ? ಸರಿ, ಇಡ್ಲಾ?"

ಇಟ್ಟಳು. ಫೋನು ನನಗೆ ವಾಪಸ್ ಕೊಟ್ಟು ಹುಳದ ಮನೆ ಕಡೆ ನಡೆದಳು.

ಕೆಂಪಣ್ಣ ಈ ವಾರವೂ ಫೋನು ಮಾಡುತ್ತಿದ್ದಾನೆ, ಬೆಲೆ ಏರಿಸುತ್ತಿದ್ದಾನೆ. ಅವನಿಗೆ ಏನೆಂದು ಹೇಳಲಿ? ಅರ್ಧ ಆಯುಷ್ಯ ಚೌಕಾಸಿಯಲ್ಲೇ ಕಳೆದವನು ನಾನು. ಎಷ್ಟು ಎಂದೇ ಕೇಳದ ಸರೋಜಳಂಥವರ ಹತ್ತಿರ ಚೌಕಾಸಿ ಎಲ್ಲಿಂದ ಶುರು ಮಾಡುವುದು, ನಿಮಗೇನಾದರೂ ಗೊತ್ತೆ?